ಕಡಲಿಗೆ ಕೊಟ್ಟ ಬಾಗಿನ

ಕಣ್ಣೂರಿನ ಕಡೆ ಮರಳ ಮೇಲೇ ಗಾಡಿ ಓಡಿಸಲು ಬಿಡುವ ಬೀಚ್ ಒಂದಿದೆ. ಭೀಮನಬೀಡಿನ ನಮ್ಮ ಚಿಕ್ಕವ್ವನನ್ನು ಜೀಪಿನಲ್ಲಿ ಅಲ್ಲಿಗೆ ಕರೆದುಕೊಂಡು ಹೋಗಿದ್ದೆ. ಅವಳು ಕಡಲು ಕಂಡಿದ್ದು ಅದೇ ಮೊದಲು. ಬಾಯಿಗೆ ಸೆರಗು ಹಿಡಿದು ನಿಂತಳು.

"ನಮ್ ಕೆರೆ ತುಂಬೋದು ಯಾವಾಗ್ಲೋ ಒಂದ್ಸಲ. ಇವ್ಳು ದಿನ್ವೂ ತುಂಬೇ ಅವ್ಳಲ್ಲಾ ಮಗ!" ಎಂದವಳೇ ಊರಿಂದ ತಂದಿದ್ದ ಬಾಗಿನದ ಮೊರ ತೆಗೆದು ನೀರಿಗಿಳಿದಳು.

ಅಷ್ಟಿಷ್ಟು ಕನ್ನಡ ಬಲ್ಲ ಬೀಚಿನ ಕಾವಲುಗಾರ ಓಡಿಬಂದ. "ಅಮ್ಮಾ, ಕಸ ಹಾಕಬಾರದು!"

"ಕಸವಾ? ತುಂಬಿದ್ ನೀರ್ಗೆ ಬಾಗಿನ ಬುಡ್ದೆ ಹೋದಾರೇನಪ್ಪಾ?"

ಅವನು ಮೊರದಲ್ಲಿದ್ದ ಅಕ್ಕಿ, ಬಳೆ, ಚೆಂಡುಹೂಗಳನ್ನೆಲ್ಲ ಕೆದಕಿ ನೋಡಿದ. ಪ್ಲಾಸ್ಟಿಕ್ ಸಿಗದೆ ಪಕ್ಕಕ್ಕೆ ಸರಿದ. ಚಿಕ್ಕವ್ವ ಕೈಮುಗಿದು ಬಾಗಿನ ಬಿಟ್ಟಳು.

ಆ ರಾತ್ರಿ ದಡದ ಮೇಲೇ ಟೆಂಟ್ ಹಾಕಿ ಮಲಗಿದೆವು. ಬೆಳಿಗ್ಗೆ ಎದ್ದು ನೋಡಿದರೆ ಅದೇ ಮೊರ ನಮ್ಮ ಜೀಪಿನ ಚಕ್ರಕ್ಕೆ ಒರಗಿ ಕೂತಿದೆ! ಅಕ್ಕಿ, ಬಳೆ ಒಂದೂ ಇಲ್ಲ. ಒಳಗೆ ಒಂದಿಷ್ಟು ಮರಳು, ನಾಕಾರು ಚಿಪ್ಪು. ಕಾವಲುಗಾರ ಚಪ್ಪಲಿ ಬಿಟ್ಟು ನಿಂತ.

ಚಿಕ್ಕವ್ವನಿಗೆ ಮಾತ್ರ ಇದರಲ್ಲಿ ವಿಶೇಷ ಕಾಣಲಿಲ್ಲ. "ಬಾಗಿನ ಈಸ್ಕಂಡೋಳು ಬರಿಗೈಲಿ ಕಳಿಸ್ತಾಳಾ? ಮುತ್ತೈದೆ ಕಣ್ಲಾ."

ಜೀಪಿನ ಮ್ಯಾಟಿನಡಿ ಇವತ್ತಿಗೂ ಮರಳಿದೆ. ಮುತ್ತೈದೆ ಕೊಟ್ಟಿದ್ದನ್ನು ಗುಡಿಸಿ ಎಸೆಯುವ ಹಾಗಿಲ್ಲವಂತೆ.