ನಾನು ಬಿಟ್ಟುಹೋದ ಆರು ಸುತ್ತುಗಳು

ಸೋಲುವುದೆಂದರೆ ನನಗೆ ಚಿಕ್ಕಂದಿನಿಂದಲೂ ಆಗಿಬರುವುದಿಲ್ಲ. ಪುತ್ತೂರಿನಲ್ಲಿ ಇಪ್ಪತ್ತು ವರ್ಷ ಗಣಿತ ಕಲಿಸಿದ ಮೇಲಂತೂ ನಾನು ತಪ್ಪಬಹುದೆಂಬ ಯೋಚನೆಯೇ ಬರುತ್ತಿರಲಿಲ್ಲ. ಪುತ್ತೂರು, ಸುಳ್ಯ, ಕಡಬದವರಿಗಾಗಿ ಆನ್‌ಲೈನ್ ಚೆಸ್ ಟೂರ್ನಿ ಇದೆಯೆಂದು ತಿಳಿದಾಗ ಜಂಬದಿಂದಲೇ ಹೆಸರು ಕೊಟ್ಟೆ. ಒಂದೇ ದಿನ ಒಟ್ಟು ಏಳು ಸುತ್ತು, ಸೋತವರೂ ಕೊನೆಯವರೆಗೆ ಆಡಬೇಕು; ಗೆದ್ದರೆ ಒಂದು ಅಂಕ, ಡ್ರಾ ಆದರೆ ಅರ್ಧ. ಮೊದಲು ಬಂದ ಒಬ್ಬರಿಗೆ ಮಾತ್ರ ಮಂಗಳೂರಿನ ಫೈನಲ್.

ಮೊದಲ ಸುತ್ತಿನಲ್ಲಿ ನನಗೆ ಎದುರಾದವಳು ಗುತ್ತಿಗಾರಿನ ಎಂಟನೇ ಕ್ಲಾಸಿನ ಹುಡುಗಿ. ಇಪ್ಪತ್ತಮೂರನೇ ನಡೆಗೆ ನನ್ನ ರಾಜನಿಗೆ ಓಡಲು ಜಾಗವಿರಲಿಲ್ಲ. ಹೆಂಡತಿ ಅಡುಗೆಮನೆಯಿಂದ ಇಣುಕಿ, "ಎಂತ ಮಾರಾಯ್ರೆ, ಇಷ್ಟು ಬೇಗ ಮುಗೀತಾ?" ಎಂದಳು. ಮೈಯೆಲ್ಲ ಉರಿಯಿತು. ಲ್ಯಾಪ್‌ಟಾಪ್ ಮುಚ್ಚಿಬಿಟ್ಟೆ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ನಾನು ಟೂರ್ನಿಯ ವಾಟ್ಸಾಪ್ ಗುಂಪಿನಲ್ಲಿ, ನೆಟ್‌ವರ್ಕ್ ನಿಲ್ಲುತ್ತಿಲ್ಲ, ಇನ್ನು ಆಡಲಾರೆ ಎಂದು ಬರೆದೆ. ನಮ್ಮ ಕಡೆ ಈ ಸುಳ್ಳನ್ನು ಯಾರೂ ಪ್ರಶ್ನಿಸುವುದಿಲ್ಲ. ಹೋದರೆ ನನ್ನ ಅಂಕ ತಾನೇ ಹೋಗುವುದು ಎಂದುಕೊಂಡು ಮಲಗಿದೆ.

ಸಂಜೆ ಫಲಿತಾಂಶ ಬಂತು. ಆ ಹುಡುಗಿಗೂ ಕಡಬದ ಒಬ್ಬ ಬ್ಯಾಂಕ್ ನೌಕರರಿಗೂ ತಲಾ ಆರೂವರೆ ಅಂಕ. ಅವರಿಬ್ಬರ ನಡುವಿನ ಆಟ ಡ್ರಾ ಆಗಿತ್ತು. ಹೀಗೆ ಸಮವಾದಾಗ ಒಬ್ಬೊಬ್ಬರ ಏಳೂ ಎದುರಾಳಿಗಳು ಗಳಿಸಿದ ಅಂಕಗಳನ್ನು ಕೂಡಿಸುತ್ತಾರೆ. ಮೊತ್ತ ಹೆಚ್ಚಿದ್ದವರು ಬಲವಾದವರೊಡನೆ ಆಡಿದ್ದಾರೆ ಎಂದು ಅರ್ಥ, ಅವರೇ ಮೊದಲು. ಹುಡುಗಿ ಒಂದೇ ಅಂಕದಲ್ಲಿ ಹಿಂದೆ ಬಿದ್ದಿದ್ದಳು. ಅವಳ ಎದುರಾಳಿಗಳ ಪಟ್ಟಿಯಲ್ಲಿ ಒಬ್ಬನ ಮುಂದೆ ಮಾತ್ರ ಸೊನ್ನೆ ಇತ್ತು. ಅದು ನಾನು.

ಉಳಿದ ಆರು ಸುತ್ತು ಕುಳಿತು ಆಡಿದ್ದರೆ ನನಗೆ ಮೂರು ಅಂಕವಾದರೂ ಸಿಗುತ್ತಿತ್ತು. ಅವಳು ಮುಂದೆ ಬರಲು ಎರಡೇ ಸಾಕಿತ್ತು. ಗಣಿತದ ಮೇಷ್ಟ್ರಾಗಿಯೂ ಇಷ್ಟು ಕೂಡಿಸಲು ನನಗೆ ತಿಳಿಯಲಿಲ್ಲ. ಆ ಮಗುವಿನ ಮಂಗಳೂರನ್ನು ನಾನೇ ಕಸಿದುಕೊಂಡಿದ್ದೆ.

ಗುಂಪಿನಲ್ಲಿ ಯಾರೋ ಬರೆದರು: "ಸೋತ ಕೂಡ್ಲೇ ಬಿಟ್ಟು ಹೋಗುದು ಎಂತ ಆಟ?"

ಅದಕ್ಕೆ ಉತ್ತರ ಕೊಟ್ಟವಳು ಆ ಹುಡುಗಿ. "ಹಾಗೆ ಹೇಳ್ಬೇಡಿ. ಸರ್‌ಗೆ ನೆಟ್‌ವರ್ಕ್ ಇರ್ಲಿಲ್ಲ. ನಮ್ಮಲ್ಲಿಯೂ ಹಾಗೇ. ನಾನು ಬಸ್ಸಲ್ಲಿ ಸುಳ್ಯಕ್ಕೆ ಹೋಗಿ ಚಿಕ್ಕಮ್ಮನ ಮನೆಯಿಂದ ಆಡಿದ್ದು."

ನೆಟ್‌ವರ್ಕ್ ಇತ್ತು ಎಂದು ಟೈಪ್ ಮಾಡಿದೆ. ಅಳಿಸಿದೆ. ಮತ್ತೆ ಟೈಪ್ ಮಾಡಿ ಮತ್ತೆ ಅಳಿಸಿದೆ. ಕೊನೆಗೆ ಕಳಿಸಿದ್ದು "ಥ್ಯಾಂಕ್ಸ್ ಮಗಳೇ" ಎಂದಷ್ಟೇ.

ಕೂಡಲೇ ಅವಳ ಉತ್ತರ ಬಂತು. "ಬೇಜಾರು ಮಾಡ್ಬೇಡಿ ಸರ್. ಮುಂದಿನ ಸಲ ನೀವೂ ನಮ್ಮ ಚಿಕ್ಕಮ್ಮನ ಮನೆಗೆ ಬನ್ನಿ. ಅಲ್ಲಿ ಸಿಗ್ನಲ್ ಉಂಟು."