ತೊಮೆ ಅಜ್ಜಿ ಒತ್ತದ ಕೆಂಪು ಗುಂಡಿ

ನಿಶಿವಾಕಿ ತೊಕುಜೊ ಅವರು ಮೂವತ್ತೊಂದು ವರ್ಷ ಮಾಡಿದ್ದು ಒಂದೇ ಕೆಲಸ: ಮನೆಬಳಕೆಯ ಯಂತ್ರಗಳು ನಿಲ್ಲಬೇಕಾದಾಗ ನಿಲ್ಲುವಂತೆ ನೋಡಿಕೊಳ್ಳುವುದು. ಹಿಗಾಶಿ-ಒಸಾಕಾದ ನಮ್ಮ ಕಾರ್ಖಾನೆಯಲ್ಲಿ ಯಂತ್ರಗಳನ್ನು ಓಡಿಸುವುದು ಹೇಗೆಂದು ಯೋಚಿಸುವವರು ನಲವತ್ತು ಮಂದಿ ಇದ್ದರು. ನಿಲ್ಲಿಸುವುದು ಹೇಗೆಂದು ಯೋಚಿಸುವವರು ಅವರೊಬ್ಬರೇ. ಅವರ ಪರೀಕ್ಷಾ ಕೊಠಡಿಯಲ್ಲಿ ಅಳತೆ ಬರೆದುಕೊಳ್ಳುವ ಕೆಲಸ ನನ್ನದು.

ಭೂಕಂಪವಾದರೆ ಸೀಮೆಎಣ್ಣೆ ಒಲೆಯನ್ನು ತಾನಾಗಿ ಆರಿಸುವ ತೂಗುಗುಂಡು ಅವರದು. ಬಟ್ಟೆ ಹಿಂಡುವ ಯಂತ್ರದ ಮುಚ್ಚಳ ತೆರೆದ ಕೂಡಲೇ ಒಳಗಿನ ಡಬ್ಬಿಯನ್ನು ಹಿಡಿದು ನಿಲ್ಲಿಸುವ ಬ್ರೇಕೂ ಅವರದೇ. ಆ ಒಲೆಯನ್ನು ಅವರು ಆರುನೂರಕ್ಕೂ ಹೆಚ್ಚು ಸಲ ಬೀಳಿಸಿದ್ದರು: ಮುಂದಕ್ಕೆ, ಹಿಂದಕ್ಕೆ, ಚಾಪೆಯ ಮೇಲೆ, ಮರದ ನೆಲದ ಮೇಲೆ. ಕೊನೆಗೆ ದಪ್ಪ ಹಾಸಿಗೆಯ ಮೇಲೆ ನಿಧಾನವಾಗಿ ವಾಲಿದರೆ ಮಾತ್ರ ಗುಂಡು ಜಾರುವುದಿಲ್ಲ ಎಂಬುದು ತಿಳಿಯಿತು. ಅದನ್ನು ಸರಿಪಡಿಸುವಷ್ಟರಲ್ಲಿ ಒಲೆ ಮಾರುಕಟ್ಟೆಗೆ ಹೋಗುವುದು ಒಂದು ಚಳಿಗಾಲ ತಡವಾಯಿತು. ಅವರನ್ನು ಬೈಯದವರಿರಲಿಲ್ಲ.

ಮಸಾಜ್ ಕುರ್ಚಿಯ ಪರೀಕ್ಷೆಗೆ ಐವತ್ತು ಕಿಲೋದ ಮರಳು ಚೀಲವೊಂದಿತ್ತು. ಅದಕ್ಕೆ ಅವರು 'ಭಾವ' ಎಂದು ಹೆಸರಿಟ್ಟಿದ್ದರು.

"ಇಚಿಮುರ-ಸಾನ್, ಭಾವನ್ನ ಕೂರ್ಸಿ," ಎನ್ನುತ್ತಿದ್ದರು ನನಗೆ, ಬೆಳಿಗ್ಗೆ ಬಂದ ಕೂಡಲೇ. "ನನ್ನ ಹೆಂಡ್ತಿ ಅಣ್ಣನೂ ಹೀಗೇನೇ. ಬಂದು ಕೂತ ಅಂದ್ರೆ ಏಳೋ ಮಾತೇ ಇಲ್ಲ, ಏನು ಮಾಡಿದ್ರೂ ಬಾಯಿ ಬಿಡಲ್ಲ."

ನಾನು ಹೇಳಹೊರಟಿರುವುದು 1979ರ ವಸಂತಕಾಲದ ಮಾತು. ಆ ವರ್ಷ, ಮನೆಯಲ್ಲಿ ಬಚ್ಚಲಿಲ್ಲದವರು ಕಾಸು ಕೊಟ್ಟು ಮೀಯುವ ಸಾರ್ವಜನಿಕ ಸ್ನಾನಗೃಹಗಳಿಗಾಗಿ ನಾವು ಹೊಸ ಕುರ್ಚಿ ಮಾಡಿದ್ದೆವು. ನಾಣ್ಯ ಹಾಕಿದರೆ ಬೆನ್ನ ಹಿಂದಿನ ಎರಡು ಉರುಳೆಗಳು ಹತ್ತು ನಿಮಿಷ ಮೇಲೆ ಕೆಳಗೆ ನಾದುತ್ತಿದ್ದವು. ಕುರ್ಚಿಯ ಬಲಗೈಯ ತುದಿಗೆ ನಿಶಿವಾಕಿಯವರು ದೊಡ್ಡದೊಂದು ಕೆಂಪು ಗುಂಡಿ ಇರಿಸಿದ್ದರು. ಒತ್ತಿದರೆ ಉರುಳೆಗಳು ಹಿಂದೆ ಸರಿದು ನಿಲ್ಲುತ್ತಿದ್ದವು. ಜೊತೆಗೆ ಜೋರಾಗಿ ಗಂಟೆ ಮೊಳಗುತ್ತಿತ್ತು. ಯಾರಿಗೋ ತೊಂದರೆಯಾಗಿದೆ ಎಂದು ಸ್ನಾನಗೃಹದವರಿಗೆ ತಿಳಿಯಲಿ ಎಂದು. ಆ ಗಂಟೆಯ ಬಗ್ಗೆ ಅವರಿಗೆ ಸ್ವಲ್ಪ ಹೆಮ್ಮೆಯೇ ಇತ್ತು.

ಪರೀಕ್ಷೆಗೆಂದು ಮೊದಲ ಕುರ್ಚಿಯನ್ನು ಹತ್ತಿರದ ಸ್ನಾನಗೃಹವೊಂದರ ಹೆಂಗಸರ ಕಡೆ, ಬಟ್ಟೆ ಬದಲಿಸುವ ಕೋಣೆಯಲ್ಲಿ ಇರಿಸಿದೆವು. ಮೂರನೆಯ ವಾರ ತೊಮೆ ಎಂಬ ಎಪ್ಪತ್ತೆಂಟರ ಅಜ್ಜಿಯ ಪಕ್ಕೆಲುಬು ಆ ಕುರ್ಚಿಯಲ್ಲಿ ಬಿರುಕು ಬಿಟ್ಟಿತು. ಅಜ್ಜಿ ಹತ್ತು ನಿಮಿಷವೂ ಕೂತಿದ್ದರು. ಗುಂಡಿ ಒತ್ತಿರಲಿಲ್ಲ.

ನಮ್ಮ ವಿಭಾಗದ ಮುಖ್ಯಸ್ಥ ಹಯಾಮಿ ವರದಿಯನ್ನು ಒಂದೇ ದಿನದಲ್ಲಿ ಬರೆದು ಮುಗಿಸಿದರು. 'ಕಾರಣ' ಎಂಬಲ್ಲಿ 'ಬಳಸಿದವರ ತಪ್ಪು' ಎಂದಿತ್ತು.

"ಗುಂಡಿ ಕೆಟ್ಟಿರಲಿಲ್ಲ ತಾನೇ?"

"ಕೆಟ್ಟಿರಲಿಲ್ಲ," ಎಂದರು ನಿಶಿವಾಕಿ.

"ಮತ್ತೆ? ಒತ್ತದಿದ್ರೆ ನಾವೇನು ಮಾಡೋಕಾಗುತ್ತೆ? ಮೊಹರು ಹಾಕಿ ಕೊಡಿ. ಮುಂದಿನ ತಿಂಗಳು ಎಂಟುನೂರು ಕುರ್ಚಿ ಹೊರಡ್ಬೇಕು."

ನಿಶಿವಾಕಿ ಮೊಹರು ಹಾಕಲಿಲ್ಲ. ಎರಡು ವಾರದ ಗಡುವು ಕೇಳಿ ಪಡೆದರು. ಅಷ್ಟರೊಳಗೆ ಕಾರಣ ಸಿಗದಿದ್ದರೆ ಎಂಟುನೂರು ಕುರ್ಚಿಗಳೂ ಅದೇ ಗುಂಡಿಯೊಂದಿಗೆ ಹೊರಡುತ್ತಿದ್ದವು.

ಮರುದಿನ ಸಿಹಿ ಹೂರಣದ ಮಿಠಾಯಿ ಪೆಟ್ಟಿಗೆ ಹಿಡಿದು ಕ್ಷಮೆ ಕೇಳಲು ನಿಶಿವಾಕಿಯೂ ನಾನೂ ತೊಮೆ ಅಜ್ಜಿಯ ಮನೆಗೆ ಹೋದೆವು. ಒಂದೇ ಕೋಣೆಯ ಸಾಲುಮನೆ, ಬಚ್ಚಲಿಲ್ಲ. ಎದೆಗೆ ಪಟ್ಟಿ ಕಟ್ಟಿಕೊಂಡಿದ್ದ ಅಜ್ಜಿ ನಮಗಿಂತ ಮೊದಲೇ ಚಾಪೆಗೆ ಹಣೆ ಹಚ್ಚಿ ಬಗ್ಗಿದರು.

"ನಿಮ್ಮ ಕುರ್ಚಿಗೆ ಕೆಟ್ಟ ಹೆಸರು ತಂದ್ಬಿಟ್ಟೆ. ಈ ಮುದಿ ಮೂಳೆದೇ ತಪ್ಪು."

"ದಯವಿಟ್ಟು ಮೇಲೇಳಿ ಅಜ್ಜಿ, ನೋವಾಗುತ್ತೆ. ಗುಂಡಿ ಕೈಗೆ ಸಿಗಲಿಲ್ವಾ?"

"ಹೌದೌದು, ಸಿಗಲಿಲ್ಲ. ಬೆರಳಲ್ಲಿ ಬಲ ಇಲ್ಲ ನೋಡಿ."

ನಿಶಿವಾಕಿ ಚೀಲದಿಂದ ಅದೇ ಗುಂಡಿಯನ್ನು ತೆಗೆದು ಮುಂದಿಟ್ಟರು. ಅಜ್ಜಿ ಕಿರುಬೆರಳಿನಿಂದಲೇ ಅದನ್ನು ಟಕ್ಕೆಂದು ಒತ್ತಿಬಿಟ್ಟರು. 

"ಇವತ್ತು ಬಲ ಬಂದಿದೆ," ಎಂದರು ಅಜ್ಜಿ, ಮುಖ ಕೆಂಪಾಗಿಸಿಕೊಂಡು. ಹೊರಡುವಾಗ ನಮ್ಮ ಕೈಗೆ ಉಪ್ಪಿನಕಾಯಿಯ ಭರಣಿ ಕೊಟ್ಟರು. ತಾನು ಈಗ ಆ ಸ್ನಾನಗೃಹಕ್ಕೆ ಹೋಗುತ್ತಿಲ್ಲ, ಅಲ್ಲಿಯವರಿಗೆ ಮುಖ ತೋರಿಸಲಾರೆ, ಎರಡು ರೈಲು ನಿಲ್ದಾಣ ದಾಟಿ ಇನ್ನೊಂದಕ್ಕೆ ನಡೆದು ಹೋಗುತ್ತೇನೆ ಎಂದೂ ಹೇಳಿದರು. ಬಿರುಕು ಬಿಟ್ಟ ಪಕ್ಕೆಲುಬು ಹೊತ್ತುಕೊಂಡು!

ಅಲ್ಲಿಂದ ನಿಶಿವಾಕಿ ನನ್ನನ್ನೂ ಕರೆದುಕೊಂಡು ನೇರ ಸ್ನಾನಗೃಹಕ್ಕೆ ಹೋದರು. ಗಂಡಸರ ಕಡೆಗೂ ಹೆಂಗಸರ ಕಡೆಗೂ ಕಾಣುವಂತೆ ಬಾಗಿಲ ಬಳಿಯ ಎತ್ತರದ ಕಟ್ಟೆಯ ಮೇಲೆ ಯಜಮಾನಿ ಫುಸಾಯೆ ಕೂತಿದ್ದರು.

"ಬಂದ್ರಾ ದೊಡ್ಡ ಎಂಜಿನಿಯರು," ಎಂದರು ಆಕೆ. "ತೊಮೆ ಅಜ್ಜಿ ಯಾಕೆ ಒತ್ತಲಿಲ್ಲ ಅಂತ ಕೇಳೋಕೆ ತಾನೇ? ಅವತ್ತು ನಾಣ್ಯ ಹಾಕಿದ್ದು ಅಜ್ಜಿ ಅಲ್ಲ, ಅವರ ಗೆಳತಿ ಶಿಗೆನೊ. ಅವಳ ಹಾಸಿಗೆಗೆ ಅಜ್ಜಿ ಹೊಸ ಹತ್ತಿ ತುಂಬಿಕೊಟ್ಟಿದ್ರು. ಅದಕ್ಕೆ ಬದಲಿಗೆ 'ಇವತ್ತು ನನ್ನ ಲೆಕ್ಕದಲ್ಲಿ ಕೂತ್ಕೊಳ್ಳಿ' ಅಂತ ಕೂರ್ಸಿದ್ಳು. ಪಕ್ಕದಲ್ಲೇ ಮಣೆ ಹಾಕ್ಕೊಂಡು ಕೂತು ನಿಮಿಷಕ್ಕೊಂದ್ಸಲ 'ಹೇಗಿದೆ? ಹಿತವಾಗಿದ್ಯಾ?' ಅಂತಿದ್ಳು."

"ಆದ್ರೆ ನೋವಾಗ್ತಿತ್ತಲ್ಲ?"

"ನಿಮ್ಮ ಗುಂಡಿ ಒತ್ತಿದ್ರೆ ಬೆಂಕಿ ಬಿದ್ದ ಹಾಗೆ ಕಿರುಚುತ್ತಲ್ರೀ! ಶಿಗೆನೊ ಪ್ರೀತಿಯಿಂದ ಕೊಟ್ಟಿದ್ದನ್ನ ಅಷ್ಟು ಜನರೆದುರು ಅವಳ ಮುಖಕ್ಕೇ ಎಸೆದ ಹಾಗಾಗಲ್ವಾ? ನಾನಾಗಿದ್ರೂ ಒತ್ತುತ್ತಿರಲಿಲ್ಲ."

ನಿಶಿವಾಕಿ ಟೋಪಿ ತೆಗೆದು ತಲೆ ಸವರಿಕೊಂಡರು. "ಗಂಟೆ ಇಟ್ಟವನು ನಾನು," ಎಂದರು ಮೆಲ್ಲಗೆ.

ಒಬ್ಬರ ಮಾತಿನಿಂದ ತೀರ್ಮಾನಕ್ಕೆ ಬರುವುದು ನಮ್ಮ ಕೊಠಡಿಯ ಪದ್ಧತಿಯಲ್ಲ. ಇನ್ನೊಂದು ಕುರ್ಚಿಯ ಉರುಳೆಗಳ ಬಲ ಇಳಿಸಿ ಅಲ್ಲಿ ಇಟ್ಟೆವು. ನಾನು ನಾಲ್ಕು ಸಂಜೆ ಹೆಂಗಸರ ಕಡೆ ತಲೆ ಒಣಗಿಸಿಕೊಳ್ಳುವ ನೆಪದಲ್ಲಿ ಕೂತು ನೋಡಿದೆ. ಕುರ್ಚಿಯಲ್ಲಿ ಕೂತವರು ನಲವತ್ತೊಂದು ಮಂದಿ. ನಡುವೆ ಎಲ್ಲೋ ಒಮ್ಮೆ ಮುಖ ಹಿಂಡಿದವರು ಹದಿನಾಲ್ಕು. ಗುಂಡಿ ಒತ್ತಿದವರು ಒಬ್ಬರೂ ಇಲ್ಲ. ಆದರೆ ಆ ಹದಿನಾಲ್ಕು ಮಂದಿಯಲ್ಲಿ ಹದಿಮೂರು ಮಂದಿ ಎರಡೂ ಕೈಗಳಿಂದ ಕುರ್ಚಿಯ ಕೈಗಳನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದರು. ಉಳಿದವಳ ಕೈಯಲ್ಲಿ ಹಾಲಿನ ಬಾಟಲಿ ಇತ್ತು.

ನಾನು ಬರೆದ ಪಟ್ಟಿಯನ್ನು ನಿಶಿವಾಕಿ ಎರಡು ಸಲ ಓದಿದರು. "ಬಾಯಿ ಹೇಳಲ್ಲ, ಕೈ ಹೇಳುತ್ತೆ," ಎಂದು ಎದ್ದು ವಾಷಿಂಗ್ ಮೆಷಿನ್ ವಿಭಾಗಕ್ಕೆ ಹೋದರು.

ತೊಟ್ಟಿಯಲ್ಲಿ ನೀರು ಎಷ್ಟು ಏರಿದೆ ಎಂಬುದನ್ನು ವಾಷಿಂಗ್ ಮೆಷಿನ್ ಒಂದು ಸಣ್ಣ ಕೊಳವೆಯೊಳಗಿನ ಗಾಳಿಯ ಒತ್ತಡದಿಂದ ಅಳೆಯುತ್ತದೆ. ಆ ಒತ್ತಡದ ಸ್ವಿಚ್ಚನ್ನು ತಂದು ಕುರ್ಚಿಗೆ ಜೋಡಿಸಿದರು. ಕುರ್ಚಿಯ ಕೈಗಳ ಬಟ್ಟೆಯ ಕೆಳಗೆ ಗಾಳಿ ತುಂಬಿದ ರಬ್ಬರ್ ಕೊಳವೆ ಹಾಸಿದರು. ಯಾರಾದರೂ ಬಿಗಿಯಾಗಿ ಹಿಡಿದರೆ ಒತ್ತಡ ಏರಿ ಸ್ವಿಚ್ ಬೀಳುತ್ತಿತ್ತು. ಉರುಳೆಗಳು ಎರಡು ಬೆರಳಷ್ಟು ಹಿಂದೆ ಸರಿದು, ಉಳಿದ ನಿಮಿಷಗಳು ಮುಗಿಯುವವರೆಗೂ ಬೆನ್ನನ್ನು ಬರೀ ಸವರುತ್ತಿದ್ದವು. ಕುರ್ಚಿ ನಿಲ್ಲುತ್ತಿರಲಿಲ್ಲ. ಪಕ್ಕದಲ್ಲಿದ್ದವರಿಗೆ ಏನೂ ತಿಳಿಯುತ್ತಿರಲಿಲ್ಲ. ಕೆಂಪು ಗುಂಡಿಯನ್ನು ಇದ್ದಲ್ಲೇ ಉಳಿಸಿ, ಗಂಟೆಯ ತಂತಿಯನ್ನು ಮಾತ್ರ ತಾವೇ ಕತ್ತರಿಸಿದರು.

ಹಯಾಮಿ ಒಪ್ಪಲಿಲ್ಲ. "ಹದಿಮೂರು ಹೆಂಗಸರು ಕೈ ಹಿಡ್ಕೊಂಡ್ರು ಅಂತ ಎಂಟುನೂರು ಕುರ್ಚಿ ಬಿಚ್ಚಬೇಕಾ? ನೋವಾದ್ರೆ ಯಾರಾದ್ರೂ ಒತ್ತೇ ಒತ್ತುತ್ತಾರೆ."

ಗಡುವಿನ ಕೊನೆಯ ದಿನ ಕಾರ್ಖಾನೆಯ ನಿರ್ದೇಶಕ ಕುಸುಮೊತೊ ಕುರ್ಚಿ ನೋಡಲು ಬಂದರು. ನಿಶಿವಾಕಿ ಹಯಾಮಿಯನ್ನೇ ಹಳೆಯ ಕುರ್ಚಿಯಲ್ಲಿ ಕೂರಿಸಿದರು. ಅದರ ಕೈಗಳಿಗೂ ಕೊಳವೆ ಹಾಸಿದ್ದರು; ಅದರ ಒತ್ತಡ ತೋರಿಸುವ ಮಾಪಕವನ್ನು ಪಕ್ಕದ ಮೇಜಿನ ಮೇಲಿಟ್ಟು, ಉರುಳೆಗಳ ಬಲವನ್ನು ಪೂರ್ತಿ ಏರಿಸಿದರು.

"ಹೇಗಿದೆ ಹಯಾಮಿ-ಕುನ್?" ಎಂದು ನಿರ್ದೇಶಕರು ಮುಂದೆಯೇ ನಿಂತು ಅಕ್ಕರೆಯಿಂದ ಕೇಳಿದರು. "ನಿಮ್ಮ ವಿಭಾಗದ್ದು ಅಲ್ವಾ ಇದು?"

"ತುಂಬಾ... ತುಂಬಾ ಚೆನ್ನಾಗಿದೆ ಸರ್."

ಮಾಪಕದ ಮುಳ್ಳು ಮೇಲಕ್ಕೆ ಏರಿತು.

"ಬೆನ್ನು ಹಗುರಾಗ್ತಿದ್ಯಾ?"

"ಹಗುರಾಗ್ತಿದೆ... ಸರ್."

ಮುಳ್ಳು ಕೊನೆಯ ಗೆರೆಗೆ ಹೋಗಿ ತಾಗಿತು. ಹಯಾಮಿಯ ಹಣೆಯಲ್ಲಿ ಬೆವರು ಒಡೆದಿತ್ತು. ಕೆಂಪು ಗುಂಡಿ ಅವರ ಬಲ ಹೆಬ್ಬೆರಳಿನಿಂದ ನಾಲ್ಕು ಸೆಂಟಿಮೀಟರ್ ದೂರವಿತ್ತು. ಆಮೇಲೆ ನಾನು ಅಳೆದು ನೋಡಿದೆ. ಎರಡು ನಿಮಿಷವಾದಾಗ ನಿಶಿವಾಕಿಯೇ ಬಗ್ಗಿ ಗುಂಡಿ ಒತ್ತಿದರು; ಹಳೆಯ ಗಂಟೆ ಜೋರಾಗಿ ಮೊಳಗಿತು.

ಹಯಾಮಿ ಎದ್ದು ಸೊಂಟ ಹಿಡಿದುಕೊಂಡು ಮಾಪಕವನ್ನು ನೋಡಿದರು, ಆಮೇಲೆ ನಿಶಿವಾಕಿಯನ್ನು.

"ನಿಮ್ಮ ಭಾವನ ಜಾಗಕ್ಕೆ ನನ್ನನ್ನ ಕೂರ್ಸಿದ್ರಿ ಅಲ್ವಾ," ಎಂದು ಅವರಿಗೂ ನನಗೂ ಮಾತ್ರ ಕೇಳಿಸುವಷ್ಟು ಮೆಲ್ಲಗೆ ಹೇಳಿದರು. ಸಂಜೆ ವರದಿ ತರಿಸಿಕೊಂಡು 'ಬಳಸಿದವರ ತಪ್ಪು' ಎಂಬುದರ ಮೇಲೆ ಅಳತೆಪಟ್ಟಿ ಇಟ್ಟು ಗೆರೆ ಎಳೆದರು. ಎಂಟುನೂರು ಕುರ್ಚಿಗಳೂ ಬಿಚ್ಚಿಸಿಕೊಂಡು ಮತ್ತೆ ಜೋಡಣೆಯಾದವು.

ಇನ್ನು ಉಳಿದವರು ತೊಮೆ ಅಜ್ಜಿ. ಕುರ್ಚಿ ಸರಿಯಾಗಿದೆ ಬನ್ನಿ ಎಂದರೆ ಅವರು ಬರುವವರಲ್ಲ. ಮೂಳೆ ಕೂಡಿದೆ ಎಂದು ವೈದ್ಯರು ಹೇಳುವವರೆಗೆ ಕಾದು, ನಿಶಿವಾಕಿ ಮತ್ತೆ ಅವರ ಮನೆಗೆ ಹೋದರು.

"ಅಜ್ಜಿ, ಒಂದು ಉಪಕಾರ ಆಗ್ಬೇಕಿತ್ತು. ಹೊಸ ಕುರ್ಚಿ ನೋಡಿ ಹೇಳೋಕೆ ಹಳೇದು ಬಲ್ಲೋರು ಬೇಕು. ಇಲ್ದಿದ್ರೆ ನನ್ನ ಕೆಲಸ ಮುಗಿಯಲ್ಲ."

"ನನ್ನಿಂದ ಅಷ್ಟಾದ್ರೂ ಆಗುತ್ತಾ?" ಎಂದ ಅಜ್ಜಿ, ಆಗಲೇ ಟವೆಲ್ ಮಡಚಲು ತೊಡಗಿದ್ದರು.

ಆ ಸಂಜೆ ನಾನು ಹೆಂಗಸರ ಕಡೆ, ನಿಶಿವಾಕಿ ಗಂಡಸರ ಕಡೆ. ನಡುವಿನ ಗೋಡೆ ಮೇಲ್ಛಾವಣಿಯವರೆಗೆ ಇರಲಿಲ್ಲ, ಈ ಕಡೆಯ ಸದ್ದು ಆ ಕಡೆಗೂ ಕೇಳುತ್ತಿತ್ತು. ಶಿಗೆನೊ ಓಡಿಬಂದು ನಾಣ್ಯ ಹಾಕಿ, ಪಕ್ಕದಲ್ಲೇ ಮಣೆ ಎಳೆದುಕೊಂಡು ಕೂತಳು.

"ಹೇಗಿದೆ? ಹಿತವಾಗಿದ್ಯಾ?"

"ಚೆನ್ನಾಗಿದೆ ಕಣೆ. ಎಷ್ಟ್ ಸಲ ಕೇಳ್ತೀಯೆ! ನಿನ್ನ ಬಾಯಿಗೂ ಒಂದು ಗುಂಡಿ ಇಡ್ಸಬೇಕು."

ಕೋಣೆಯೆಲ್ಲ ನಕ್ಕಿತು. ಆ ನಗೆಯ ನಡುವೆ ಅಜ್ಜಿಯ ಬೆರಳುಗಳು ಬಿಗಿಯಾದವು. ಮೋಟಾರಿನ ಸದ್ದು ಒಂದು ಮೆಟ್ಟಿಲು ತಗ್ಗಿತು. ಬೆರಳುಗಳು ಸಡಿಲಗೊಂಡವು. ಶಿಗೆನೊ ತನ್ನ ಸೊಸೆಯ ಕಥೆ ಹೇಳುತ್ತಲೇ ಇದ್ದಳು. ಹತ್ತು ನಿಮಿಷ ಮುಗಿದ ಮೇಲೆ ಅಜ್ಜಿ ಬೇಡ ಬೇಡ ಎಂದರೂ ಕೇಳದೆ ಆಕೆ ಇನ್ನೊಂದು ನಾಣ್ಯ ಹಾಕಿದಳು. ಆಗಲೂ ಮೋಟಾರಿನ ಸದ್ದು ಒಮ್ಮೆ ತಗ್ಗಿತು.

ನಾನು ಹೊರಗೆ ಬಂದಾಗ ನಿಶಿವಾಕಿ ಹೆಗಲ ಮೇಲೆ ಒದ್ದೆ ಟವೆಲ್ ಹಾಕಿಕೊಂಡು ಬಾಗಿಲ ಬಳಿ ನಿಂತಿದ್ದರು.

"ಎಷ್ಟು ಸಲ ತಗ್ಗಿತು?" ಎಂದು ಕೇಳಿದರು.

"ಎರಡು ಸಲ."

"ನನಗೂ ಎರಡೇ ಕೇಳಿಸಿದ್ದು," ಎಂದು ಚಪ್ಪಲಿ ಮೆಟ್ಟಿದರು.