ದೀಪ ಹಚ್ಚೋ ಹೊತ್ತಿನ ಸೈನಿಕರು

ಮಗಳು ಯುದ್ಧದ ಆಟಕ್ಕೆಂದು ಪುಟ್ಟ ಆಟಿಕೆ ಸೈನಿಕರನ್ನು ಕೂಡಿಡಲು ಶುರುಮಾಡಿದ್ದಾಳೆ. ಒಬ್ಬೊಬ್ಬನಿಗೂ ಬಣ್ಣ ಬಳಿದು ಮೇಜಿನ ಮೇಲೆ ಸಾಲಾಗಿ ನಿಲ್ಲಿಸಿದ್ದಳು. ನೋಡಿದ್ದೇ ತಡ, ಚನ್ನಪಟ್ಟಣದ ನಮ್ಮ ಮನೆಯ ಬಿಸಿ ಅರಗಿನ ವಾಸನೆ ಮೂಗಿಗೆ ಬಂದಂತಾಯಿತು.

ಅಪ್ಪ ಬೊಂಬೆ ಕೆಲಸದವನು. ಮಿಕ್ಕ ಮರದ ತುಂಡುಗಳನ್ನು ಲೇತ್ ಯಂತ್ರಕ್ಕೆ ಕೊಟ್ಟು ನನಗೆ ಸೈನಿಕರನ್ನು ಕಡೆದುಕೊಡುತ್ತಿದ್ದ. ತಿರುಗುವ ಮರಕ್ಕೆ ಅರಗಿನ ಕಡ್ಡಿ ಒತ್ತಿದರೆ ಬಣ್ಣ ಕರಗಿ ಅಂಟುತ್ತಿತ್ತು. ಗುಂಡು ತಲೆ, ಗುಂಡು ಮೈ, ಅಷ್ಟೇ.

"ಕೈಯೇ ಇಲ್ವಲ್ಲಪ್ಪ, ಬಂದೂಕ ಹೆಂಗೆ ಹಿಡೀತಾನೆ?"

"ಲೇತಲ್ಲಿ ಕೈ ಬರಾಕಿಲ್ಲ ಕಣವ್ವ. ಹಿಡೀದೆ ಇದ್ರೆ ಒಳ್ಳೇದೇ ಬುಡು."

ನಾನು ಗೋಲಿ ಹೊಡೆದು ಅವರನ್ನೆಲ್ಲ ಬೀಳಿಸುತ್ತಿದ್ದೆ. ಸಂಜೆ ಕಸ ಗುಡಿಸಲು ಬಂದ ಅವ್ವ ಒಬ್ಬೊಬ್ಬರನ್ನೇ ಎತ್ತಿ ನಿಲ್ಲಿಸುವಳು. "ದೀಪ ಹಚ್ಚೋ ಹೊತ್ನಲ್ಲಿ ಮನೇಲಿ ಯಾರೂ ಮಲಗಿರಬಾರ್ದು" ಎನ್ನುವಳು. ಅವಳ ತಮ್ಮ, ನನ್ನ ಸೋದರಮಾವ, ಮಿಲಿಟರಿಯಲ್ಲಿದ್ದ. ರಜಕ್ಕೆ ಬಂದಾಗ ಅವನನ್ನೂ ಆ ಹೊತ್ತಿಗೆ ಅಲುಗಿಸಿ ಎಬ್ಬಿಸುತ್ತಿದ್ದಳು.

ಮಾವನನ್ನು ಪೆಟ್ಟಿಗೆಯಲ್ಲಿ ತಂದದ್ದೂ ಸಂಜೆಯೇ. ಜಗಲಿಯ ಮೇಲೆ ಮಲಗಿಸಿದರು. ಅವ್ವ ಅಳಲಿಲ್ಲ. ಹತ್ತಿರ ಹೋಗಿ ಭುಜ ಅಲುಗಿಸಿದಳು.

"ಏಳ್ಲಾ, ದೀಪ ಹಚ್ಬೇಕು."

ಅಪ್ಪ ಮತ್ತೆ ಸೈನಿಕರನ್ನು ಕಡೆಯಲಿಲ್ಲ.

ಇವತ್ತು ಕತ್ತಲಾಗುವ ಹೊತ್ತಿಗೆ ಮೇಜಿನ ಮೇಲೆ ಅರ್ಧ ಪಡೆ ಉರುಳಿತ್ತು. ಲೈಟ್ ಹಾಕಲು ಹೋದವಳು ಮೊದಲು ಅವರನ್ನು ಎತ್ತಿ ನಿಲ್ಲಿಸತೊಡಗಿದೆ.

"ಅಮ್ಮಾ, ಅವ್ರು ಸತ್ತೋಗವ್ರೆ. ಎಬ್ಬಿಸಂಗಿಲ್ಲ" ಅಂದಳು ಮಗಳು.

ಕೈಯಲ್ಲಿದ್ದವನನ್ನು ಎಲ್ಲಿಡಬೇಕೋ ತಿಳಿಯಲಿಲ್ಲ. ಲೈಟನ್ನೂ ಹಾಕಲಿಲ್ಲ.